ನಲ್ಲಿಯವನ ಬೆಂಕಿ

ಆಫೀಸಿನಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು 'ನಲ್ಲಿ' ಅಂತ. ಇನ್ನೂ ಕಟ್ಟದ ಮನೆಗಳನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಬಣ್ಣ ಬಳಿದು, ದೀಪ ಹಚ್ಚಿ ಗಿರಾಕಿಗಳಿಗೆ ತೋರಿಸುವ ಆಫೀಸು ಅದು. ಸೇರಿದ ಹೊಸದರಲ್ಲಿ ಇವನು ಬಚ್ಚಲಿನ ನಲ್ಲಿಯಿಂದ ನೀರು ಬೀಳುವುದನ್ನು ಬಹಳ ಚೆನ್ನಾಗಿ ಮಾಡಿ ತೋರಿಸಿಬಿಟ್ಟ. ಪಾಪ, ಅದೇ ತಪ್ಪಾಯಿತು. ಅಂದಿನಿಂದ ಬಚ್ಚಲು, ಸಿಂಕು, ನೀರಿನ ತೊಟ್ಟಿ ಎಲ್ಲ ಇವನ ತಲೆಗೇ ಕಟ್ಟಿದರು. ಉಳಿದವರು ನಡುಮನೆ, ಮಹಡಿ ಅಂತ ಮೆರೆಯುತ್ತಿದ್ದರೆ ಇವನು ವರ್ಷಗಟ್ಟಲೆ ಒದ್ದೆ ನೆಲದಲ್ಲೇ ಉಳಿದ.

ಕೊನೆಗೂ ಒಂದು ನಡುಮನೆ ಕೈಗೆ ಬಂತು. ಯಾರೋ ದೊಡ್ಡ ಡಾಕ್ಟರ ಮನೆ. ಗೋಡೆಯಲ್ಲೊಂದು ಕಲ್ಲಿನ ಒಲೆ, ಅದರೊಳಗೆ ಸೌದೆ ಉರಿಯುತ್ತಿರಬೇಕಂತೆ. ಆಫೀಸಿನ ಯಜಮಾನರು ಕರೆದು ಹೇಳಿದರು: "ಬೆಂಕಿ ನಿಜದ ಹಾಗೇ ಇರಬೇಕು. ನಾಳೆ ಮನೇಲಿ ಕೂತು ಮಾಡು, ಸಾಯಂಕಾಲ ಅವರಿಗೆ ನೀನೇ ಫೋನಲ್ಲಿ ತೋರಿಸು. ಅವರು ಮೆಚ್ಚಿಕೊಂಡ್ರೆ ಇನ್ಮೇಲೆ ನಿನಗೆ ಬಚ್ಚಲು ಕೊಡಲ್ಲ."

ಇವನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೆಟ್ಟಿಲೇರಿ ಬರುವಾಗ ಎದುರುಮನೆಯ ಬಾಗಿಲಲ್ಲಿದ್ದ ಕೆಂಪು ಬಕೆಟ್ಟಿಗೆ ಎಡವಿದ. ಎಲ್ಲರೂ ಮಾವ ಅಂತ ಕರೆಯುತ್ತಿದ್ದ ಆ ಮನೆಯ ಹಿರಿಯರು ಅಗ್ನಿಶಾಮಕ ದಳದಲ್ಲಿದ್ದು ನಿವೃತ್ತರಾದವರು. ಕೆಲಸ ಬಿಟ್ಟರೂ ಅಭ್ಯಾಸ ಬಿಟ್ಟಿರಲಿಲ್ಲ. ಹೊಸ್ತಿಲ ಪಕ್ಕ ತುಂಬಿದ ಬಕೆಟ್ ಸದಾ ಇರಲೇಬೇಕು. ಕಟ್ಟಡದಲ್ಲಿ ಅದಕ್ಕೆ ಎಡವದವರೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಮಾಡಿದ ಮೊದಲ ಬೆಂಕಿಯನ್ನು ಹೆಂಡತಿಗೆ ತೋರಿಸಿದ. ಅವಳು ತಲೆ ಓರೆ ಮಾಡಿ ನೋಡಿ, ಟವೆಲ್ ಯಾಕೆ ಒಲೆಯೊಳಗೆ ಒಣಗಲು ಹಾಕಿದ್ದೀರಿ ಅಂತ ಕೇಳಿದಳು. ಬಣ್ಣ ಬದಲಿಸಿ, ಹೊಳಪು ಹೆಚ್ಚಿಸಿ ಇನ್ನೊಂದು ಮಾಡಿದ. ಅದು ಪ್ಲಾಸ್ಟಿಕ್ಕಿನದಾಯಿತು. ಮತ್ತೊಂದು ಎಷ್ಟು ಪಾರದರ್ಶಕವಾಯಿತೆಂದರೆ ಹಿಂದಿನ ಕಲ್ಲುಗಳನ್ನು ಒಂದೊಂದಾಗಿ ಎಣಿಸಬಹುದಿತ್ತು.

ಬೆಂಕಿ ಅನ್ನುವ ಮಾತು ಕಿವಿಗೆ ಬಿದ್ದ ಮೇಲೆ ಮಾವ ಸುಮ್ಮನಿರುತ್ತಾರೆಯೇ? ಬಂದು, ಕುರ್ಚಿ ಎಳೆದುಕೊಂಡು ಕೂತರು. ತಾವು ಆರಿಸಿದ ಗೋದಾಮು, ತಾವು ಆರಿಸಿದ ಹತ್ತಿಯ ಗಿರಣಿ, ಎಲ್ಲದರ ಕತೆಯೂ ಆಯಿತು. ಹೇಳುತ್ತಾ ಹೇಳುತ್ತಾ ಒಂದೊಂದು ಬೆಂಕಿಯೂ ಹಿಂದಿನದಕ್ಕಿಂತ ಒಂದು ಮಹಡಿ ಎತ್ತರವಾಯಿತು. ಕೊನೆಗೆ ಕಂಪ್ಯೂಟರಿನ ಕಡೆ ನೋಡಿ ತೀರ್ಪು ಕೊಟ್ಟರು.

"ಇದಕ್ಕೆಲ್ಲ ನಾವು ಗಾಡಿಯಿಂದ ಇಳೀತಾನೇ ಇರಲಿಲ್ಲಪ್ಪ."

ಇವನಿಗೆ ಅಳು ಬರುವುದೊಂದು ಬಾಕಿ. ಮಾವ ಊಟಕ್ಕೆ ಎದ್ದುಹೋದ ಮೇಲೆ ಒಂದು ಮೇಣದ ಬತ್ತಿ ಹಚ್ಚಿಟ್ಟು ಅದರ ಮುಂದೆ ಕೂತ. ಬಾಗಿ ನೋಡಿದ, ಇನ್ನಷ್ಟು ಬಾಗಿ ನೋಡಿದ. ಚುರ್ ಅಂತು. ಎಡಗಣ್ಣಿನ ಹುಬ್ಬು ಅರ್ಧ ಹೋಯಿತು. ಹುಬ್ಬು ಹೋದರೂ ಬುದ್ಧಿ ಬಂತು ಅನ್ನಿ. ಜ್ವಾಲೆಯ ನಡುಭಾಗ ಹೆಚ್ಚುಕಡಿಮೆ ಬಿಳಿ, ಅಂಚು ಎಲ್ಲಿ ಮುಗಿಯುತ್ತದೆ ಅಂತಲೇ ಗೊತ್ತಾಗುವುದಿಲ್ಲ. ಬೆಂಕಿ ಬೆಂಕಿ ಅನ್ನಿಸುವುದು ಅದರ ಬೆಳಕು ಸುತ್ತಲ ಗೋಡೆಯ ಮೇಲೆ ನಡುಗಿದಾಗ. ಹೆಂಡತಿ ಹುಬ್ಬಿಗೆ ಮುಲಾಮು ಹಚ್ಚುತ್ತಿರುವಾಗಲೂ ಇವನ ಕೈ ಮೌಸ್ ಬಿಡಲಿಲ್ಲ.

ಹೊತ್ತು ಮುಳುಗುವ ವೇಳೆಗೆ ಬೆಂಕಿ ಸಿದ್ಧವಾಯಿತು. ಸಣ್ಣ ಪರದೆಯಲ್ಲಿ ಅದರ ಅಂದ ಕಾಣುವುದಿಲ್ಲವೆಂದು, ಹೆಂಡತಿಯ ತವರಿನವರು ಕೊಡಿಸಿದ್ದ ದೊಡ್ಡ ಟೀವಿಗೆ ಜೋಡಿಸಿದ. ದೀಪಗಳನ್ನೆಲ್ಲ ಆರಿಸಿದ. ಸೌದೆಯ ಮೇಲೆ ಜ್ವಾಲೆ ಕುಣಿಯಿತು, ಮನೆಯ ಗೋಡೆಗಳೆಲ್ಲ ಕೆಂಪಾದವು. ಹೆಂಡತಿ ಎರಡು ಹೆಜ್ಜೆ ಹಿಂದೆ ಸರಿದಳು. ಇವನಿಗೆ ಅಷ್ಟೇ ಸಾಕಾಯಿತು, ಹೊಟ್ಟೆ ತುಂಬಿದ ಹಾಗಾಯಿತು. ಡಾಕ್ಟರಿಗೆ ಫೋನ್ ಮಾಡಿ ಟೀವಿಯ ಕಡೆ ತಿರುಗಿಸಿ ಹಿಡಿದ. ಡಾಕ್ಟರು, ಅವರ ಹೆಂಡತಿ ಇಬ್ಬರೂ ಫೋನಿನಲ್ಲಿ ಕಣ್ಣರಳಿಸಿ ನೋಡಿದರು. "ಅದ್ಭುತ," ಅಂದರು ಡಾಕ್ಟರು.

ಅದೇ ಹೊತ್ತಿಗೆ ಎದುರುಮನೆ ಮಾವ ವಾಯುವಿಹಾರ ಮುಗಿಸಿ ಮೆಟ್ಟಿಲೇರಿ ಬಂದರು. ಇವರ ಕಿಟಕಿಯ ಪರದೆ ಕೆಂಪಗೆ ನಡುಗುತ್ತಿತ್ತು. ಜೀವಮಾನದ ಅಭ್ಯಾಸ ನೋಡಿ, ಯೋಚನೆಗಿಂತ ಮೊದಲೇ ಬಕೆಟ್ ಕೈಗೆ ಬಂದಿತ್ತು. ಮುಂದಕ್ಕೆ ಹಾಕಿದ್ದ ಬಾಗಿಲನ್ನು ಒದ್ದು ಒಳನುಗ್ಗಿ, ಗುರಿಯಿಟ್ಟು ಎರಚಿದರು. ನೀರು ಅರ್ಧ ಟೀವಿಗೆ, ಅರ್ಧ ಫೋನು ಹಿಡಿದೇ ನಿಂತಿದ್ದ ಇವನಿಗೆ. ಟೀವಿ ಚಿಟಿಚಿಟಿ ಅಂದು ಕಪ್ಪಾಯಿತು.

"ಎಲ್ಲರೂ ಹೊರಗೆ ನಡೀರಿ," ಅಂದರು ಮಾವ.

ಹೆಂಡತಿ ದೀಪ ಹಾಕಿದಳು. ಮಾವನಿಗೆ ವಿಷಯ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಬಕೆಟ್ ಕೆಳಗಿಟ್ಟು, ಇದಕ್ಕಾದರೆ ಗಾಡಿಯಿಂದ ಇಳಿಯಬಹುದು ಅಂತ ಸಣ್ಣ ದನಿಯಲ್ಲಿ ಒಪ್ಪಿಕೊಂಡರು. ಹೊಸ ಟೀವಿ ತಾವೇ ತರುವುದಾಗಿಯೂ ಹೇಳಿದರು. ನೀರು ತೊಟ್ಟಿಕ್ಕುತ್ತಿದ್ದರೂ ಇವನ ಮುಖದಲ್ಲಿ ನಗು. ಬೆಂಕಿ ಆರಿಸುವವರೇ ಬಂದು ಆರಿಸಿದರು ಅಂದ ಮೇಲೆ ಇನ್ಯಾರ ಮೆಚ್ಚುಗೆ ಬೇಕು?

ಅಷ್ಟರಲ್ಲಿ ಯಜಮಾನರ ಫೋನು ಬಂತು.

"ಭೇಷ್ ಕಣಯ್ಯ. ನಿನ್ನ ಬೆಂಕಿ ನೋಡಿ ಡಾಕ್ಟರ ಹೆಂಡತಿ ನಡುಗಿಹೋದ್ರಂತೆ. ಚಿತ್ರದಲ್ಲಿರೋ ಬೆಂಕಿಗೇ ಅಕ್ಕಪಕ್ಕದೋರು ಬಾಗಿಲು ಒದ್ದು ಬಂದ್ರೆ ನಿಜವಾದ್ದು ಬಂದಾಗ ಏನು ಗತಿ, ಒಲೆ ಬೇಡವೇ ಬೇಡ ಅಂತಾರೆ. ಆ ಗೋಡೆ ಮೇಲಿಂದ ನೀರು ಇಳಿಯೋ ಹಾಗೆ ಮಾಡಿಸ್ತಾರಂತೆ. ನೀರು ನಿಜದ ಹಾಗೇ ಇರಬೇಕು. ಅದಕ್ಕೆ ನಿನ್ನ ಬಿಟ್ಟು ಬೇರೆ ಯಾರಿದ್ದಾರೆ ಹೇಳು?"

ಫೋನ್ ಇಟ್ಟು, ಏನಂತೆ ಅಂದವರಿಗೆ ವಿಷಯ ಹೇಳಿದ. ಹೆಂಡತಿ ನೆಲ ಒರೆಸುವ ಬಟ್ಟೆ ತರಲು ಹೋದಳು. ಇವನು ಕಪ್ಪು ಟೀವಿಯ ಮುಂದೆ ಕೂತು, ಹನಿಗಳು ಒಂದನ್ನೊಂದು ಸೇರಿಕೊಂಡು ಕೆಳಗಿಳಿಯುವುದನ್ನು ಕತ್ತು ಓರೆ ಮಾಡಿ ನೋಡತೊಡಗಿದ.

ಮಾವ ಖಾಲಿ ಬಕೆಟ್ ಕೈಗೆತ್ತಿಕೊಂಡು ಬಾಗಿಲಲ್ಲಿ ನಿಂತರು.

"ಇನ್ನೊಂದು ತುಂಬಿಸ್ಕೊಂಡು ಬರ್ಲೇನಪ್ಪ," ಅಂದರು, "ನೋಡ್ಕೊಂಡು ಮಾಡೋಕೆ?"