ಮಗ್ಗದ ಕುಣಿಯ ಮೇಲೊಂದು ಕಾರು

ನಮ್ಮ ಕಾಕಾ ಮನೆಗೆ ಬರುತ್ತಾನೆಂಬ ಖಬರು ಸಿಕ್ಕರೆ ಸಾಕು, ನಮ್ಮವ್ವ ಮಿಕ್ಸರನ್ನು ಹಾಸಿಗೆಯ ಗಂಟಿನೊಳಗೆ ಬಚ್ಚಿಡುತ್ತಾಳೆ. ಕಾಕಾ ಕಳ್ಳನೆಂದಲ್ಲ! ಅವನು ಏನನ್ನೂ ಕದಿಯುವವನಲ್ಲ, ಬಿಚ್ಚುವವನು. ಚೆನ್ನಾಗಿಯೇ ನಡೆಯುತ್ತಿದ್ದ ನಮ್ಮ ಗೋಡೆ ಗಡಿಯಾರವನ್ನು "ಸಪ್ಪಳ ಯಾಕೋ ಬ್ಯಾರೆ ಬರಾಕತ್ತೈತಿ" ಎಂದು ಒಮ್ಮೆ ಬಿಚ್ಚಿ ಹರವಿದ. ಮತ್ತೆ ಜೋಡಿಸಿದಾಗ ಮೂರು ಸ್ಕ್ರೂ ಉಳಿದವು. ಗಡಿಯಾರ ಮೊದಲಿಗಿಂತ ಚೆನ್ನಾಗಿ ನಡೆಯಿತು. ನಮ್ಮವ್ವನಿಗೆ ಅದೇ ದೊಡ್ಡ ದುಃಖ. ಬೈಯಲು ಬರುವುದಿಲ್ಲವಲ್ಲ!

ಕಾಕಾ ಗದಗ-ಬೆಟಗೇರಿಯಲ್ಲಿ ಪವರ್‌ಲೂಮ್ ರಿಪೇರಿ ಮಾಡುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡವನು. ನಾನು ಅದೇ ಓಣಿಯ ತುದಿಯಲ್ಲಿ ಔಷಧಿ ಅಂಗಡಿ ಇಟ್ಟವನು, ಹುಟ್ಟು ಅಂಜುಬುರುಕ. ಬಸ್ಸಿನಲ್ಲಿ ಕೂತರೂ ಡ್ರೈವರನ ಜೊತೆಗೆ ನಾನೂ ಕಾಲೊತ್ತಿ ಬ್ರೇಕ್ ಹಾಕುತ್ತೇನೆ. ಇಂಥವನೇ ಕಾಕಾನ ಕಾರು ಕಟ್ಟುವ ಕೆಲಸಕ್ಕೆ ಬಲಗೈ ಆಗಬೇಕೆ?

ಕಾರಿನ ಸುದ್ದಿ ಶುರುವಾದದ್ದು ಚಿಗವ್ವನಿಂದ, ಅಂದರೆ ಕಾಕಾನ ಹೆಂಡತಿಯಿಂದ. ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದಳು. ಕಾಲಿಗೆ ರಾಡ್ ಹಾಕಿದರು. ನೋವು ಹೋಯಿತು, ಆದರೆ ಮೊಣಕಾಲು ಮಡಚುವುದು ನಿಂತೇ ಹೋಯಿತು. ಶಿರಹಟ್ಟಿಯಲ್ಲಿರುವ ಅಕ್ಕನನ್ನು ನೋಡಬೇಕೆಂದಳು. ಬಾಡಿಗೆ ಕಾರು ತರಿಸಿದೆವು. ನೆಟ್ಟಗೆ ನಿಂತ ಕಾಲು ಬಾಗಿಲೊಳಗೆ ಹೋಗಬೇಕಲ್ಲ! ನಾಲ್ಕು ಜನ ಎತ್ತಿ ಹಿಂದಿನ ಸೀಟಿನ ಮೇಲೆ ಅಡ್ಡ ಮಲಗಿಸಿದೆವು. ಇಡೀ ಓಣಿ ಹೊರಗೆ ಬಂದು ನೋಡುತ್ತಿತ್ತು. ಕಾರು ತಿರುವು ದಾಟುವ ಮೊದಲೇ ಚಿಗವ್ವ ಕೂಗಿದಳು: "ಇಳಸ್ರಿ ನನ್ನ. ಹೆಣಾ ಒಯ್ದಂಗ ಒಯ್ಯಬ್ಯಾಡ್ರಿ."

ಅಂದಿನಿಂದ ಹೊಸ್ತಿಲು ದಾಟಲಿಲ್ಲ. ಅಕ್ಕನಿಗೆ ಉಬ್ಬಸ, ಅವಳೂ ಬರಲಾರಳು. ಇಬ್ಬರದೂ ಫೋನಿನಲ್ಲೇ ಮಾತು. ಒಬ್ಬಳಿಗೆ ಕಿವಿ ಮಂದ, ಇನ್ನೊಬ್ಬಳಿಗೆ ಉಸಿರು ಸಾಲದು. ಆ ಮಾತುಕತೆ ಹೇಗಿರುತ್ತಿತ್ತೆಂದು ನೀವೇ ಊಹಿಸಿ!

ಒಂದು ವಾರದ ಮೇಲೆ ಕಾಕಾ ಒಂದು ಮಧ್ಯಾಹ್ನ, ಚಿಗವ್ವ ಮಲಗಿದ್ದಾಗ, ಟೇಪು ಹಿಡಿದು ಅವಳ ಕಾಲನ್ನು ಸೊಂಟದಿಂದ ಹಿಮ್ಮಡಿಯವರೆಗೆ ಅಳೆಯತೊಡಗಿದ. ಅವಳು ಗಾಬರಿಯಿಂದ ಎದ್ದಳು.

"ಏನ್ ಮಾಡಾಕತ್ತೀರಿ?"

"ನಿನಗೊಂದ್ ಕಾರ್ ಹೊಲಿಯಾಕ ಅಳತಿ ತಗೊಳ್ಳಾಕತ್ತೇನಿ."

"ನಾ ಸತ್ರೂ ಅದರಾಗ ಕುಂಡ್ರಂಗಿಲ್ಲ!"

"ಮೊದ್ಲ ಕಾರ್ ಆಗ್ಲಿ. ಆಮ್ಯಾಲ ಜಗಳಾ ಮಾಡೂಣು."

ಮುಂಡರಗಿಯ ಒಂದು ಗುಜರಿಯಲ್ಲಿ ಕೋಳಿಗಳು ವಾಸವಾಗಿದ್ದ ಹಳೆಯ ಕಾರೊಂದು ಸಿಕ್ಕಿತು. ಕಾಕಾ ಕೋಳಿಗಳನ್ನು ಖಾಲಿ ಮಾಡಿಸಿ, ಕಾರಿಗೆ ಹಗ್ಗ ಬಿಗಿದು ಟ್ರ್ಯಾಕ್ಟರಿಗೆ ಕಟ್ಟಿದ. ತಾನು ಟ್ರ್ಯಾಕ್ಟರ್ ಹತ್ತಿ, ನನ್ನನ್ನು ಕಾರಿನಲ್ಲಿ ಕೂಡಿಸಿದ.

"ಸ್ಟೇರಿಂಗ್ ಹಿಡ್ಕೊಂಡ್ ಕುಂಡ್ರು, ಸಾಕು."

"ಬ್ರೇಕ್ ಎಲ್ಲೈತಿ ಕಾಕಾ?"

"ಟ್ರ್ಯಾಕ್ಟರಿಗೈತಲ್ಲೋ!"

ಟ್ರ್ಯಾಕ್ಟರ್ ನಿಂತಾಗಲೆಲ್ಲ ನಾನು ನಿಲ್ಲುತ್ತಿರಲಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕೆ? ಗದಗ ಮುಟ್ಟುವ ಹೊತ್ತಿಗೆ ಟ್ರ್ಯಾಕ್ಟರಿನ ಹಿಂಭಾಗ ಮತ್ತು ನಾನು ಮುತ್ತಿಡುವಷ್ಟು ಪರಿಚಿತರಾಗಿದ್ದೆವು.

ಗ್ಯಾರೇಜು ಎಂದರೆ ನಮ್ಮ ಅಜ್ಜನ ಮಗ್ಗದ ಮನೆ. ಕೈಮಗ್ಗ ಹೋಗಿ ಬಹಳ ಕಾಲವಾಗಿತ್ತು. ನೇಕಾರ ಕಾಲು ಇಳಿಬಿಟ್ಟು ಕೂಡುವ ಕುಣಿ ಮಾತ್ರ ಹಾಗೇ ಉಳಿದಿತ್ತು. ಕಾಕಾ ಅದನ್ನು ಎದೆಮಟ್ಟ ಅಗೆದ, ಅದರ ಮೇಲೆ ಕಾರು ನಿಲ್ಲಿಸಿದ, ತಾನು ಕೆಳಗಿಳಿದು ನಿಂತ. ಬೆಳಿಗ್ಗೆ ಇಳಿದರೆ ಊಟಕ್ಕೇ ಮೇಲೆ ಬರುವುದು. ಅಂಗಡಿಯಲ್ಲಿ ಕೂತಿದ್ದರೂ ನನ್ನ ಜೀವ ಆ ಕುಣಿಯ ಹತ್ತಿರವೇ. ಜ್ಯಾಕು ಜಾರಿದರೆ? ಜ್ವರದ ಗುಳಿಗೆ ಕೇಳಿದವರಿಗೆ ಗ್ಯಾಸಿನ ಗುಳಿಗೆ ಕೊಟ್ಟು ಬೈಸಿಕೊಂಡೆ.

ವೆಲ್ಡಿಂಗ್ ಕೆಲಸಕ್ಕೆ ಕಾಕಾನ ಗೆಳೆಯ ಮಾಬೂಸಾಬ್ ಚಾಚಾ ಬರುತ್ತಿದ್ದರು. ಮುಂದಿನ ಬಾಗಿಲನ್ನು ಕೊಯ್ದು ಅಗಲ ಮಾಡಿದರು. ಬಾಗಿಲ ಹಿಡಿಕೆ ಹಳೆಯ ತಿಜೋರಿಯದು. ಸೀಟಿನ ಹೊದಿಕೆ ಸೀರೆ ಅಂಗಡಿಯಲ್ಲಿ ಉಳಿದ ತುಂಡುಗಳದು. ಹೀಗಾಗಿ ಡ್ರೈವರನ ಬೆನ್ನಿಗೆ ಜರಿ ಅಂಚು! ಎಲ್ಲಕ್ಕಿಂತ ದೊಡ್ಡ ಕರಾಮತ್ತು ಚಿಗವ್ವನ ಸೀಟು. ಅದು ಬಾಗಿಲು ಮುಚ್ಚಿದ ಒಂದು ಕಟಿಂಗ್ ಅಂಗಡಿಯ ಕುರ್ಚಿ. ಬಾಗಿಲು ತೆಗೆದು ಕುರ್ಚಿಯನ್ನು ಹೊರಗೆ ತಿರುಗಿಸಬೇಕು, ಚಿಗವ್ವ ನೆಟ್ಟಗೆ ಕೂಡಬೇಕು, ಒಳಗೆ ತಿರುಗಿಸಬೇಕು, ಕಾಲು ಹಲಗೆಯ ಮೇಲೆ ಉದ್ದಕ್ಕೆ ಚಾಚಬೇಕು. ಮಡಚುವ ಮಾತೇ ಇಲ್ಲ.

"ಖರೆ ಹೇಳ್ತೀನಿ," ಎಂದರು ಚಾಚಾ, "ಇಂಥಾ ಕುರ್ಚಿ ರಾಜಾಗೂ ಇರಲಿಕ್ಕಿಲ್ಲ."

"ರಾಜಾ ಬಿಡ್ರಿ," ಎಂದೆ ನಾನು, "ಪರೀಕ್ಷಾ ಮಾಡಾವ್ರು ಯಾರು?"

ಇಬ್ಬರೂ ನನ್ನ ಮುಖ ನೋಡಿದರು.

ನಾಗಾವಿ ಕಡೆಯ ಖಾಲಿ ಬಯಲಿಗೆ ಹೋದೆವು. ನಾನು ಹತ್ತಿಯನ್ನೂ ಬ್ಯಾಂಡೇಜನ್ನೂ ಕಿಸೆಯಲ್ಲಿ ತುಂಬಿಕೊಂಡೇ ಕುರ್ಚಿ ಹತ್ತಿದೆ. ಕಾಕಾ ಗಾಡಿ ಬಿಟ್ಟ. ಮೊದಲ ತಿರುವಿನಲ್ಲೇ ಕುರ್ಚಿ ತಿರುಗದಂತೆ ಹಿಡಿದಿದ್ದ ಕೊಂಡಿ ಕಳಚಿತು ನೋಡಿ! ಮುಂದೆ ನೋಡುತ್ತಿದ್ದವನು ಹಿಂದೆ ನೋಡಿದೆ, ಮತ್ತೆ ಮುಂದೆ, ಮತ್ತೆ ಹಿಂದೆ. ಜಾಲಿಗಿಡ, ಕಾಕಾ, ಜಾಲಿಗಿಡ, ಕಾಕಾ! ಗಾಡಿ ನಿಂತ ಮೇಲೂ ನನ್ನ ತಲೆ ನಿಲ್ಲಲಿಲ್ಲ.

"ಚಲೋ ಆತು," ಎಂದ ಕಾಕಾ. "ನೀ ತಿರಿಗಿದ್ದಕ್ಕ ಗೊತ್ತಾತು. ಇನ್ನೊಂದ್ ಕೊಂಡಿ ಹಾಕೂಣು."

ಒಂದಲ್ಲ, ಮೂರು ಕೊಂಡಿ ಹಾಕಿದ. ಮೇಲೆ ಬೆಲ್ಟು. ಸರಕಾರಿ ಒಪ್ಪಿಗೆ ಇಲ್ಲದೆ ರಸ್ತೆಗಿಳಿಸಕೂಡದೆಂದು ನಾನು ಹಟ ಹಿಡಿದೆ. ತಪಾಸಣೆಯ ಸಾಹೇಬರು ಕಾರನ್ನು ಮೂರು ಸುತ್ತು ಹಾಕಿ ಕೇಳಿದರು, "ಇದು ಯಾವ ಕಂಪನೀದ್ರಿ?"

"ಮನೀದ್ರಿ," ಎಂದ ಕಾಕಾ.

ಬ್ರೇಕು, ದೀಪ, ಕೊಂಡಿ ಎಲ್ಲ ನೋಡಿ, ಕೊನೆಗೆ ತಾವೇ ಕುರ್ಚಿಯಲ್ಲಿ ಕೂತರು. ಒಮ್ಮೆ ಹೊರಗೆ ತಿರುಗಿಸಿಕೊಂಡರು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಇನ್ನೊಮ್ಮೆ ತಿರುಗಿಸಿಕೊಂಡರು. ಆಮೇಲೆ ಸಹಿ ಮಾಡಿದರು.

ಕಾರು ಮನೆ ಮುಂದೆ ನಿಂತಿತು. ಚಿಗವ್ವ ಕಿಟಕಿಯಿಂದಲೂ ನೋಡಲಿಲ್ಲ. ಒಂದು ದಿನ, ಎರಡು ದಿನ, ಒಂದು ವಾರ. ಕಾಕಾ ಕಾರನ್ನು ದಿನಾ ಒರೆಸುತ್ತಿದ್ದ. ಶಿರಹಟ್ಟಿಯ ಅಕ್ಕನಿಗೆ ಉಬ್ಬಸ ಜೋರಾಗಿದೆಯೆಂದು ಫೋನು ಬಂದ ದಿನ ಚಿಗವ್ವ ನನ್ನನ್ನು ಕರೆಸಿದಳು.

"ನೀ ಕುಂತಿದ್ದೆಂತಲ್ಲ. ಹೆಂಗಿತ್ತು? ಸುಳ್ಳ ಹೇಳಬ್ಯಾಡ."

ಏನು ಹೇಳಲಿ? ಚೆನ್ನಾಗಿತ್ತೆಂದರೆ ಬರುತ್ತಾಳೆ. ಏನಾದರೂ ಆದರೆ? ಕಡೆಗೆ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ. ಕೊಂಡಿ, ಜಾಲಿಗಿಡ, ಕಾಕಾ, ಕಿಸೆಯ ಬ್ಯಾಂಡೇಜು, ಎಲ್ಲ. ಚಿಗವ್ವ ಮೊದಲು ಸೆರಗು ಬಾಯಿಗೊತ್ತಿಕೊಂಡಳು. ಆಮೇಲೆ ನಕ್ಕಳು, ಮಂಚ ಅಲುಗುವ ಹಾಗೆ ನಕ್ಕಳು. ಆ ಮನೆಯಲ್ಲಿ ಆ ಸದ್ದು ಕೇಳಿ ಎರಡು ವರ್ಷವಾಗಿತ್ತು.

"ನೀನ ಉಳದು ಬಂದಿ ಅಂದ್ರ ನನಗೇನ್ ಆಗ್ತೈತಿ? ನಾಳೆ ಹೋಗೂಣು ಅಂತ ಹೇಳು ಅವರಿಗೆ."

ಮರುದಿನ ಬೆಳಿಗ್ಗೆ ಚಿಗವ್ವ ಹಸಿರು ಇಳಕಲ್ ಸೀರೆ ಉಟ್ಟು, ಕೋಲೂರಿ ಬಂದು, ಯಾರೂ ಎತ್ತದೆ, ಓಣಿಯವರೆಲ್ಲರ ಎದುರು ತಾನೇ ಕೂತಳು. ಕಾಕಾ ಮೂರೂ ಕೊಂಡಿ ಹಾಕಿದ. ನಾನು ಹಿಂದೆ ಕೂತು ಬ್ರೇಕ್ ಒತ್ತಲು ಕಾಲು ಸಜ್ಜು ಮಾಡಿಕೊಂಡೆ.

ಆದರೆ ಅಂದು ಒತ್ತುವ ಅಗತ್ಯವೇ ಬೀಳಲಿಲ್ಲ. ಕಾಕಾ ಅಷ್ಟು ನಿಧಾನ! ಸೈಕಲ್ಲಿನವನು ನಮ್ಮನ್ನು ದಾಟಿದ. ಮೇವು ಹೇರಿದ ಚಕ್ಕಡಿ ದಾಟಿತು. ಪ್ರತಿ ಉಬ್ಬಿಗೂ ಕಾಕಾ ಗಾಡಿ ನಿಲ್ಲಿಸಿ, "ಗಾಲಿ ನೋಡ್ತೀನಿ" ಎಂದು ಇಳಿಯುತ್ತಿದ್ದ. ನಾಲ್ಕನೇ ಸಲ ಇಳಿದವನು ಬೇಗ ಬರಲಿಲ್ಲ. ನಾನೂ ಇಳಿದು ಹಿಂದೆ ಹೋದೆ.

ಕಾಕಾ ಡಿಕ್ಕಿಗೆ ಹಣೆ ಹಚ್ಚಿ ನಿಂತಿದ್ದ. ಅಂಗಿ ಬೆವರಿಗೆ ಅಂಟಿತ್ತು. ಎಂಥೆಂಥ ಯಂತ್ರ ಬಿಚ್ಚಿದ ಆ ಕೈಗಳು ಡಿಕ್ಕಿಯ ಅಂಚನ್ನು ಬಿಗಿಯಾಗಿ ಹಿಡಿದಿದ್ದವು.

"ಕಾಕಾ! ಬ್ರೇಕಿಗೆ ಏನರ ಆಗೇತೇನು?"

"ಬ್ರೇಕ್ ಚಲೋ ಐತಿ. ಎಲ್ಲಾ ಚಲೋ ಐತಿ," ಎಂದ ತಲೆ ಎತ್ತದೆ. "ಅಕಿ ಕುಂತಾಳಲ್ಲೋ ಒಳಗ."

ಅಂಜಿಕೆ ನನ್ನೊಬ್ಬನ ಆಸ್ತಿಯೆಂದು ಇಷ್ಟು ದಿನ ತಿಳಿದಿದ್ದೆನಲ್ಲ!

ಅಷ್ಟರಲ್ಲಿ ಮುಂದಿನಿಂದ ಚಿಗವ್ವನ ದನಿ ಬಂತು.

"ಏನ್ ನೋಡಾಕತ್ತೀರಿ ಹಿಂದ? ನಾ ಆರಾಮ ಅದೀನಿ. ಬರ್ರಿ, ನನ್ನ ಬಾಜೂಕ ಕುಂಡ್ರಿ."

ಕಾಕಾ ಮುಖ ಒರೆಸಿಕೊಂಡು ಹೋಗಿ ಕೂತ. ಚಿಗವ್ವ ಗೇರಿನ ಮೇಲಿದ್ದ ಅವನ ಕೈಯ ಮೇಲೆ ತನ್ನ ಕೈ ಇಟ್ಟಳು. ನಾನು ಹಿಂದೆ ಕೂತವನು ಕಿಟಕಿಯಾಚೆಯ ಹತ್ತಿ ಹೊಲಗಳನ್ನು ನೋಡುತ್ತ ಕೂತೆ. ಶಿರಹಟ್ಟಿ ಬರುವವರೆಗೂ ಅವಳು ಕೈ ತೆಗೆಯಲಿಲ್ಲ. ಕಾಕಾ ಅಷ್ಟು ದಾರಿಯನ್ನೂ ಒಂದೇ ಗೇರಿನಲ್ಲಿ ದಾಟಿದ.