ಅಲ್ಯೂಮಿನಿಯಂ ಬಗ್ಗಿಸಿದ ಮೊಣಕಾಲುಗಳು

ಸೈಕಲ್ ಕಂಪನಿಯ ಗ್ರಾಹಕ ಸಂತೃಪ್ತಿ ವಿಭಾಗದ ಮುಖ್ಯಸ್ಥರಿಗೆ, ಹೊಸದಾಗಿ ಮದುವೆಯಾದವಳೊಬ್ಬಳ ಉಕ್ಕಿ ಹರಿಯುವ ನಮಸ್ಕಾರಗಳು.

ಮಾನ್ಯರೇ,

ಮದುವೆಗೆ ನಾನು ನನ್ನ ಗಂಡನಿಗೆ ಉಡುಗೊರೆ ಕೊಟ್ಟ ತಮ್ಮ ಅಲ್ಯೂಮಿನಿಯಂ ಸೈಕಲ್ಲು ಎಷ್ಟು ಹಗುರವೆಂದರೆ, ಅದನ್ನೂ ನನ್ನನ್ನೂ ಒಟ್ಟಿಗೇ ಎತ್ತುತ್ತೇನೆಂದು ಹೊರಟ ಅವರು ಅರ್ಧ ಗೆದ್ದರು; ಸೈಕಲ್ಲನ್ನು ಎತ್ತಿದರು.

ಅದು ತಮ್ಮದೇ ವರ್ಕ್‌ಶಾಪಿಗೆ ಮೊದಲ ಸರ್ವೀಸಿಗೆ ಹೋಗಿ ಬಂದಾಗ, ಸೀಟಿನ ಮುಂದಿನ ಅಡ್ಡ ಕೊಳವೆಯ ಎಡಕ್ಕೊಂದು ಬಲಕ್ಕೊಂದು, ಎದುರುಬದುರಾಗಿ ನೆಗ್ಗು ಬಿದ್ದಿತ್ತು. ತಮ್ಮ ಮೆಕ್ಯಾನಿಕ್ಕು ಸೈಕಲ್ ನೇತುಹಾಕುವ ಸ್ಟ್ಯಾಂಡಿನ ದವಡೆಯನ್ನು ಸೀಟಿನ ಕಂಬಕ್ಕೆ ಕಚ್ಚಿಸುವ ಬದಲು ಈ ತೆಳು ಕೊಳವೆಗೆ ಕಚ್ಚಿಸಿ ಬಿಗಿದಿದ್ದಾರೆಂದು ಮಂದಬುದ್ಧಿಯವರಾದ ನಾವು ಭಾವಿಸಿದೆವು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವಂತೆ ತಾವು ನಮ್ಮ ದೂರಿಗೆ ಉತ್ತರ ಬರೆದು ಕಣ್ಣು ತೆರೆಸಿದಿರಿ: ನೆಗ್ಗು ಬಿದ್ದದ್ದು ಸವಾರರ ಮೊಣಕಾಲು ಒತ್ತಿ; ಅದೂ ಅಂದಕ್ಕೆ ಸಂಬಂಧಿಸಿದ್ದೇ ಹೊರತು ಗಟ್ಟಿತನಕ್ಕಲ್ಲ.

ಸದರಿ ಮೊಣಕಾಲುಗಳನ್ನು ಹೊಸ ಹೆಂಡತಿಗಿರುವ ಸಕಲ ಸಲಿಗೆಯಿಂದ ಪರಿಶೀಲಿಸಿದ್ದೇನೆ. ತುಂಬಾ ಮುದ್ದಾಗಿವೆ. ಅತ್ತೆಯವರಂತೂ, “ಜಾಮ್ ಬಾಟ್ಲಿ ಮುಚ್ಚಳ ತೆಗೆಯೋಕೆ ನನ್ನನ್ನ ಕರೀತಾನೆ, ಮೊಣಕಾಲಲ್ಲಿ ಸೈಕಲ್ ಹಿಂಡ್ತಾನಂತಾ? ಹೆತ್ತವಳಿಗೇ ಗೊತ್ತಿರಲಿಲ್ಲ ಕಣೇ!” ಎಂದು ಹೆಮ್ಮೆಯಿಂದ ನಕ್ಕು ನಕ್ಕು ಕುರ್ಚಿ ಹಿಡಿದುಕೊಂಡರು. ಇಂಥ ಪ್ರತಿಭೆಯನ್ನು ತಮ್ಮ ಕಾರ್ಖಾನೆ ಲೋಹ ಒತ್ತುವ ಯಂತ್ರದ ಬದಲು ಕೂಡಲೇ ನೇಮಿಸಿಕೊಳ್ಳಬೇಕು. ಸಂಜೆಗಳು ಮಾತ್ರ ನನ್ನವು.

ತೊಂದರೆ ಏನೆಂದರೆ, ನನ್ನ ಗಂಡ ತಾವು ಹೇಳಿದ್ದನ್ನೇ ನಂಬಿದ್ದಾರೆ. “ಅಂದ ತಾನೇ, ಹೋಗ್ಲಿ ಬಿಡು” ಎಂದು, ನಾನು ಕೊಟ್ಟದ್ದೆಂಬ ಒಂದೇ ಪ್ರೀತಿಗೆ, ಸೇತುವೆಯಾಚೆಯ ಕಡಿದಾದ ಇಳಿಜಾರಿನಲ್ಲಿ ಆ ಸೈಕಲ್ಲಿನ ಮೇಲೆಯೇ ಕೆಲಸಕ್ಕೆ ಹೋಗುತ್ತಿದ್ದರು. ಈಗ ನೆಗ್ಗಿನ ಅಂಚಿನಲ್ಲಿ ಕೂದಲೆಳೆಯಂಥ ಗೆರೆ ಮೂಡಿದೆ. ಬಿರಿದದ್ದು ಬಣ್ಣವೋ ಲೋಹವೋ ನನಗೆ ತಿಳಿಯದು. ಮುಂದಿನ ಚಕ್ರ ಕಳಚಿ ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ. ನಮ್ಮ ದಾಂಪತ್ಯದ ಮೊದಲ ಜಗಳ ತಮ್ಮ ಕೃಪೆಯಿಂದ ಅದ್ದೂರಿಯಾಗಿ ನೆರವೇರಿತು.

ದಯಮಾಡಿ ಹೊಸ ಫ್ರೇಮು ಕಳಿಸಿ. ಅಷ್ಟು ಉದಾರತೆ ಕಷ್ಟವಾದರೆ, ತಾವೇ ಬಂದು ಆ ಇಳಿಜಾರನ್ನು ಒಮ್ಮೆ ಅದೇ ಸೈಕಲ್ಲಿನಲ್ಲಿ ಇಳಿದು ತೋರಿಸಿ. ಚಕ್ರವನ್ನು ನಾನೇ ಜೋಡಿಸಿಕೊಡುತ್ತೇನೆ.

ಸದ್ಯಕ್ಕೆ ಮೂಳೆ ಮುರಿಯದ ಗಂಡನುಳ್ಳ,
ತಮ್ಮ ವಿಶ್ವಾಸಿ

ಮರೆತ ಮಾತು: ಬರುವಾಗ ತಮ್ಮ ಮನೆಯವರನ್ನೂ ಕರೆತನ್ನಿ. ತಾವು ಇಳಿಯುವಾಗ ಅವರು ಕೆಳಗೆ ನನ್ನ ಪಕ್ಕದಲ್ಲಿ ನಿಂತಿರಲಿ. ಇದು ಬರೀ ಅಂದದ ವಿಷಯವೆಂದು ಹೊರಡುವ ಮುನ್ನ ಅವರಿಗೂ ಒಂದು ಮಾತು ಹೇಳಿಬಿಡಿ.