ಮಾಮಾನ ಗುಲಾಬಿ ಡಬ್ಬಿ

ನಮ್ಮ ಸೋದರಮಾಮಾನ ಆಸ್ತಿ ಎಷ್ಟೆಂದು ತಿಳಿಯಲು ತಲಾಠಿಯ ಕಚೇರಿಗೆ ಅಲೆಯಬೇಕಿಲ್ಲ. ಅವನ ಊರು ನೂಲದಲ್ಲಿ ಬಸ್ಸಿಳಿದು ಸುತ್ತ ಕಣ್ಣಾಡಿಸಿದರೆ ಸಾಕು. ಯಾವುದು ಗುಲಾಬಿ ಬಣ್ಣದ್ದೋ ಅದೆಲ್ಲ ಅವನದು!

ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಹಚ್ಚಿ ಉಳಿದ ಆಯಿಲ್ ಪೇಂಟನ್ನು ಉಳಿದವರು ಮೂಲೆಗೆ ಸರಿಸುತ್ತಾರೆ. ಮಾಮಾ ಅದರಿಂದ ಒಂದು ಪೊಲೀಸ್ ಖಾತೆಯನ್ನೇ ತೆರೆದ. ಹೊಳೆದಂಡೆಯ ಪಂಪಿನ ಮೋಟರು ಕದಿಯುವವರ ಕಾಟ ನಮ್ಮ ಕಡೆ ವಿಪರೀತ. ಕಳ್ಳರು ಸಿಕ್ಕರೂ ಮಾಲು ಯಾರದೆಂದು ಹೇಳುವುದು ಹೇಗೆ? ಮೋಟರುಗಳಿಗೆಲ್ಲ ಒಂದೇ ಮೋರೆ! ಮಾಮಾ ತನ್ನದಕ್ಕೆ ಗುಲಾಬಿ ಬಳಿದ. ಆಮೇಲೆ ಕೈ ನಿಲ್ಲಲಿಲ್ಲ. ಸ್ಟಾರ್ಟರ್ ಪೆಟ್ಟಿಗೆ, ಕುಡಗೋಲು, ಹಾಲಿನ ಕ್ಯಾನು, ಕೊನೆಗೆ ಮೇಕೆ. ಆ ಮೇಕೆ ಬಾಗಿಲಲ್ಲಿ ನಿಂತರೆ ಯಾರದೋ ಮದುವೆಗೆ ಹೊರಟಂತೆ ಕಾಣುತ್ತಿತ್ತು. ಮಾಮಿಯಂತೂ ಅವನೆದುರು ಅಲುಗಾಡದೆ ಕೂರುವುದನ್ನೇ ಬಿಟ್ಟಿದ್ದಳು.

ಒಂದು ಕಟ್ಟುನಿಟ್ಟು ಮಾತ್ರ ಇತ್ತು. ಇಚಲಕರಂಜಿಯ ಕಾಲೇಜಿನಲ್ಲಿ ಪಾಠ ಹೇಳುವ ನಾನು ರಜೆಗೆ ಹೋದಾಗ ಕೆಣಕಿದೆ:

"ಮಾಮಾ, ನನ್ನ ಸ್ಕೂಟರಿಗೂ ಒಂದ ಕೈ ಹಚ್ಚು."

"ನಂದಲ್ಲದ್ದಕ್ಕ ಹಚ್ಚಂಗಿಲ್ಲ. ಅದೂ ಕಳುವ! ನೀ ಲೂಮಿನವರ ಮಾಲು, ನಿಮ್ಮಪ್ಪನ ಮಗ್ಗದ ಮನಿದು."

"ನಿನ್ನ ತಂಗಿ ಮಗಳಲ್ಲೇನು?"

"ತಂಗೀನ ಕೊಟ್ಟಮ್ಯಾಲ ಗ್ಯಾರಂಟಿ ಮುಗೀತು!"

ಮೊನ್ನೆಯ ರಜೆಯಲ್ಲಿ ಒಂದು ಮಧ್ಯಾಹ್ನ ಅವನೊಂದಿಗೆ ಹೊಳೆಗೆ ಹೋಗಿದ್ದೆ. ಮೋಟರಿನ ಬಣ್ಣ ಮಾಸಿತ್ತು. ಮಾಮಾ ಹೊಸದಾಗಿ ಬಳಿದು, ಬುತ್ತಿ ಉಣ್ಣಲು ಕಬ್ಬಿನ ಅಂಚಿಗೆ ಬಂದ. ಕೈಗೆ ಹತ್ತಿದ ಬಣ್ಣ ಇನ್ನೂ ಹಸಿ. ಅಷ್ಟರಲ್ಲಿ ಒಂದು ಪಿಕಪ್ ಗಾಡಿ ದಂಡೆಗೆ ಬಂದು ನಿಂತಿತು. ಇಬ್ಬರು ಇಳಿದರು. ಒಬ್ಬ ಕಬ್ಬು ಕಡಿಯುವ ಕೊಯ್ತಾದಿಂದ ಕೇಬಲ್ಲನ್ನು ಕಚಕ್ಕನೆ ಕತ್ತರಿಸಿದ. ಇಬ್ಬರೂ ಸೇರಿ ಮೋಟರನ್ನು ತಬ್ಬಿಕೊಂಡು ಗಾಡಿಗೆ ಏರಿಸಿದರು.

ನಾನು ಕೂಗಲು ಬಾಯಿ ತೆರೆದೆ. ಮಾಮಾ ನನ್ನ ತೋಳು ಹಿಡಿದು ಕಬ್ಬಿನೊಳಗೆ ತಳ್ಳಿದ. "ಅಲ್ಲೇ ಕುಂಡ್ರು. ಉಸರ ತಗೀಬ್ಯಾಡ." ಅವನೊಬ್ಬನೇ ಹೋದ. ಹೋಗಿ ಏನು ಹೇಳಿದ ಗೊತ್ತೇ?

"ಸಾವಕಾಶ್ರೀ! ಬಣ್ಣ ಹಸಿ ಐತಿ. ಅಂಗಿಗೆ ಹತ್ತಿದ್ರ ಮನ್ಯಾಗ ಬೈತಾರ!"

ಕಳ್ಳರು ತಮ್ಮ ಕೈ ನೋಡಿಕೊಂಡರು. ಮೊಣಕೈವರೆಗೆ ಗುಲಾಬಿ! ನನಗೆ ನಗು ಬಂತು ಎಂದರೆ ನಂಬುತ್ತೀರಾ? ಆ ನಗು ಗಂಟಲಲ್ಲಿರುವಾಗಲೇ ಕೊಯ್ತಾ ಹಾರಿ ಬಂದು, ಮಾಮಾನ ಕಿವಿಯ ಪಕ್ಕದ ಬೇವಿನ ಕಾಂಡಕ್ಕೆ ನಾಟಿತು. ಟಕ್! ಈಗಲೂ ಪಾಠದ ನಡುವೆ ಯಾರಾದರೂ ಪೆನ್ನಿನ ಮುಚ್ಚಳ ಒತ್ತಿದರೆ ನನ್ನ ಮಾತು ನಿಂತುಹೋಗುತ್ತದೆ.

ಗಾಡಿ ಓಡಿತು. ಮಾಮಾ ಫೋನ್ ತೆಗೆದು ಪೊಲೀಸರಿಗೆ ಹೇಳಿದ್ದು ಗಾಡಿಯ ನಂಬರಲ್ಲ: "ಕೈ ನೋಡ್ರಿ ಸಾಹೇಬ್ರ, ಕೈ!" ಗಡಹಿಂಗ್ಲಜದ ಹಾದಿಯ ಪೆಟ್ರೋಲ್ ಬಂಕಿನಲ್ಲಿ ಇಬ್ಬರು ಡೀಸೆಲ್‌ನಿಂದ ಕೈ ತಿಕ್ಕಿಕೊಳ್ಳುತ್ತಿದ್ದಾಗಲೇ ಸಿಕ್ಕಿಬಿದ್ದರು.

ಸಂಜೆ ಠಾಣೆಗೆ ಹೋದೆವು. ಅಂಗಳದಲ್ಲಿ ಕಳುವಿನ ಮೋಟರುಗಳ ರಾಶಿ. ನಡುವೆ ನಮ್ಮದು ಮದುಮಗಳಂತೆ ಕೂತಿತ್ತು. ಹವಾಲ್ದಾರ ಮರಾಠಿಯಲ್ಲಿ ಕೇಳಿದ, "ಮಾಮಾ, ಹ್ಯಾತಲೀ ತುಮಚೀ ಕುಠಲೀ?" ಇದರಲ್ಲಿ ನಿಮ್ಮದು ಯಾವುದೆಂದು ಬೇರೆ ಕೇಳಬೇಕೇ! ಠಾಣೆಯೇ ನಕ್ಕಿತು. ನಗುತ್ತಲೇ ಹವಾಲ್ದಾರ ನನ್ನತ್ತ ಬೆರಳು ತೋರಿಸಿದ. "ಆಣಿ ಹೀ? ಇವರೂ ನಿಮ್ಮ ಮಾಲೇನ್ರಿ?"

ನೋಡಿಕೊಂಡೆ. ನನ್ನ ಕುರ್ತಾದ ತೋಳಿನ ಮೇಲೆ ಐದು ಬೆರಳು, ಗುಲಾಬಿ.

ಈಗ ಗ್ಯಾರಂಟಿಯ ಮಾತು ಬರುತ್ತದೆಂದು ಕಾದೆ. ಬರಲಿಲ್ಲ. ಮಾಮಾ ಬೆಂಚಿನ ಮೇಲೆ ಕುಳಿತುಬಿಟ್ಟ. ಆ ಗುಲಾಬಿ ತೋಳು ಹಿಡಿದು ನನ್ನನ್ನೂ ಪಕ್ಕಕ್ಕೆ ಕೂರಿಸಿಕೊಂಡ.

"ಹೌದ್ರಿ," ಎಂದ, "ಮೊದಲ ಈ ಮಾಲ ಬರಕೋರಿ. ಮೋಟರ್ ಆಮ್ಯಾಲ."